ಕಣಜದ ನೀರುಗಂಟಿ

ಮನೆ ಕಟ್ಟಿಸುವ ಗೃಹಸ್ಥನು ಸಿಮೆಂಟಿನ ವಿಷಯದಲ್ಲಿ ವಿಚಾರಿಸುವುದು ಸಾಮಾನ್ಯವಾಗಿ ಎರಡೇ ಸಂಗತಿಗಳನ್ನು: ಮೂಟೆಯ ಬೆಲೆಯೆಷ್ಟು, ಒಳಗೆ ಗಂಟು ಕಟ್ಟಿಲ್ಲವಷ್ಟೆ. ಉಳಿದುದಕ್ಕೆ ಮೂಟೆಯ ಮೇಲೆ ಅಚ್ಚಾಗಿರುವ ದರ್ಜೆಯನ್ನು ಓದಿ ನಂಬುತ್ತಾನೆ. ನಂಬದೆ ಮಾಡುವುದೇನು? ಸಣ್ಣಕ್ಕಿಗೆ ದಪ್ಪಕ್ಕಿ ಬೆರೆತಿದ್ದರೆ ಮೊರದ ಮುಂದೆ ಕುಳಿತ ಹೆಂಗಸು ಕೂಡಲೆ ಹಿಡಿದುಬಿಡುತ್ತಾಳೆ. ಸಿಮೆಂಟಿಗೆ ಅಂಥ ಮೊರವಿಲ್ಲ. ಒಂದು ದರ್ಜೆಯ ಬೂದುಹಿಟ್ಟೂ ಮತ್ತೊಂದು ದರ್ಜೆಯ ಬೂದುಹಿಟ್ಟೂ ಅಂಗೈಯ ಮೇಲೆ ಅಕ್ಕತಂಗಿಯರಂತೆ ಕಾಣುತ್ತವೆ. ಹಾಗಾದರೆ ಅಚ್ಚಿನ ಮಾತಿಗೂ ಒಳಗಿನ ವಸ್ತುವಿಗೂ ನಡುವೆ ನಿಂತು ಜಾಮೀನು ಕೊಡುವವರು ಯಾರು ಎಂಬುದು ಕೇಳತಕ್ಕ ಪ್ರಶ್ನೆಯೇ ಸರಿ. ಅಂಥ ಜಾಮೀನುದಾರರಲ್ಲಿ ಒಬ್ಬರು ನನ್ನ ಅಕ್ಕನ ಗಂಡ.

ಭಾವನವರು ತುಮಕೂರಿನ ಕಡೆಯವರು. ಉದ್ಯೋಗವನ್ನರಸಿ ಕಲಬುರಗಿ ಜಿಲ್ಲೆಗೆ ಹೋಗಿ, ಅಲ್ಲಿಯ ಒಂದು ಸಿಮೆಂಟು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕಣಜಗಳ ತಲೆಯ ಮೇಲೆ ಕೆಲಸ ಮಾಡಿದರು. ಸುಣ್ಣಕಲ್ಲಿನ ಸೀಮೆ ಅದು. ನೆಲವನ್ನು ಒಂದಾಳು ಅಗೆದರೆ ಕಲ್ಲು, ಮನೆಯ ಗೋಡೆ ಕಲ್ಲು, ಹಾಸು ಕಲ್ಲು, ಹಲವು ಕಡೆ ಮಾಳಿಗೆಯೂ ಕಲ್ಲೇ. ಆ ಕಲ್ಲನ್ನು ಪುಡಿಮಾಡಿ, ಮಣ್ಣಿನ ಅಂಶ ಸೇರಿಸಿ, ಉರುಳುವ ಕುಲುಮೆಯಲ್ಲಿ ಸುಮಾರು ೧,೪೫೦ ಡಿಗ್ರಿಯವರೆಗೆ ಕಾಯಿಸಿದರೆ ಕರಿಯ ಗಟ್ಟಿಗಳಾಗುತ್ತವೆ. ಅವನ್ನು ಸ್ವಲ್ಪ ಜಿಪ್ಸಮ್ಮಿನೊಡನೆ ಅರೆದರೆ ಸಿಮೆಂಟು. ಇಷ್ಟನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಅರೆದ ಮೇಲೆ ಏನಾಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಭಾವನವರ ಕೆಲಸ ಆರಂಭವಾಗುತ್ತಿದ್ದುದು ಅಲ್ಲಿಂದ.

ಅರೆದ ಹಿಟ್ಟನ್ನು ಮೇಲಕ್ಕೇರಿಸುವ ಯಂತ್ರಕ್ಕೆ ಬಕೆಟ್ ಎಲಿವೇಟರೆಂದು ಹೆಸರು. ಹೆಸರು ಹೊಸದಾದರೂ ವಸ್ತು ನಮಗೆ ಹೊಸದಲ್ಲ. ಬಾವಿಯ ಮೇಲಿನ ಘಟೀಯಂತ್ರವೇ ಅದು. ಗಡಿಗೆಗಳ ಬದಲು ಉಕ್ಕಿನ ಬಕೆಟ್ಟುಗಳು, ಹಗ್ಗದ ಬದಲು ಸರಪಣಿ ಅಥವಾ ದಪ್ಪ ಪಟ್ಟಿ. ಅಮೆರಿಕದ ಆಲಿವರ್ ಈವನ್ಸ್ ಎಂಬ ಯಂತ್ರಶಿಲ್ಪಿ ೧೮ನೆಯ ಶತಮಾನದ ಕೊನೆಯಲ್ಲಿ ಹಿಟ್ಟಿನ ಗಿರಣಿಗೆ ಇದನ್ನು ಅಳವಡಿಸಿದನು. ೧೮೪೨ರಲ್ಲಿ ಬಫಲೋ ಪಟ್ಟಣದ ಜೋಸೆಫ್ ಡಾರ್ಟ್ ಉಗಿಯ ಬಲದಿಂದ ಹಡಗಿನ ಧಾನ್ಯವನ್ನು ಉಗ್ರಾಣಕ್ಕೆ ಎತ್ತುವಂತೆ ಕಟ್ಟಿಸಿದನು. ಭಾವನವರ ಕಾರ್ಖಾನೆಯ ಎಲಿವೇಟರು ಸುಮಾರು ೨೦೦ ಅಡಿ ಎತ್ತರವಿತ್ತು; ಗಂಟೆಗೆ ೨೦೦ ಟನ್ನು ಹಿಟ್ಟನ್ನು ಎತ್ತುತ್ತಿತ್ತು. ಎಂದರೆ ಗಂಟೆಯೊಂದಕ್ಕೆ ೪,೦೦೦ ಮೂಟೆ. ನೋಡಲು ಬಂದವರೆಲ್ಲ ಅದರ ಬುಡದಲ್ಲಿ ನಿಂತು ಕತ್ತೆತ್ತಿ ಬೆರಗಾಗಿ ಹೊರಟುಹೋಗುತ್ತಿದ್ದರು.

ಆದರೆ ಎತ್ತುವುದು ಬಲದ ಕೆಲಸ, ಹಂಚುವುದು ಬುದ್ಧಿಯ ಕೆಲಸ. ನಮ್ಮ ಕಡೆಯ ಕೆರೆಗಳ ಕೆಳಗೆ ನೀರುಗಂಟಿಯೆಂಬವನೊಬ್ಬನಿರುತ್ತಿದ್ದುದನ್ನು ಹಿರಿಯರಾದ ವಾಚಕರು ಬಲ್ಲರು. ತೂಬಿನಿಂದ ಬಂದ ನೀರು ಒಂದೇ. ಅದು ಯಾರ ಗದ್ದೆಗೆ, ಎಷ್ಟು ಹೊತ್ತು ಎಂಬುದು ಅವನು ಮಡೆ ತಿರುವುವ ಗುದ್ದಲಿಯಲ್ಲಿ. ಮಳೆರಾಯನ ಮೇಲೆ ಯಾರೂ ಪಂಚಾಯಿತಿಗೆ ಹೋಗುವುದಿಲ್ಲ, ಜಗಳವೆಲ್ಲ ಮಡೆಯ ಹತ್ತಿರ. ಭಾವನವರು ತಮ್ಮ ಉದ್ಯೋಗವನ್ನು ನನಗೆ ಮೊದಲ ಸಲ ತಿಳಿಸಿದುದು ಹೀಗೆಯೇ: “ನಾನು ಹಿಟ್ಟಿನ ನೀರುಗಂಟಿ, ತಿಳಿಯಿತೇನಪ್ಪ? ಕೆರೆ ಒಂದು, ಗದ್ದೆ ಆರು.”

ಆ ಆರು ಕಣಜಗಳನ್ನು ಅಲ್ಲಿ ಸೈಲೋ ಎನ್ನುತ್ತಾರೆ. ಒಂದೊಂದೂ ೫,೦೦೦ ಟನ್ನು ಹಿಡಿಯುವ ಕಾಂಕ್ರೀಟಿನ ಗೋಪುರ. ಎಲಿವೇಟರಿನ ತುದಿಯಿಂದ ಬಿದ್ದ ಹಿಟ್ಟು ಇವುಗಳಲ್ಲಿ ಯಾವುದಕ್ಕೆ ಸೇರಬೇಕೋ ಅದಕ್ಕೇ ಸೇರಬೇಕು. ಗೋಧಿಯ ಉಗ್ರಾಣಗಳಲ್ಲಿ ಇದಕ್ಕೆ ಗಡಿಯಾರದ ಮುಳ್ಳಿನಂತೆ ಸುತ್ತುವ ಒಂದೇ ಕೊಳವೆಯುಂಟು; ಜಲ್ಲಿ ಕಲ್ಲಿದ್ದಲುಗಳಿಗೆ ಹಳಿಯ ಮೇಲೆ ಅತ್ತಿತ್ತ ಸರಿಯುವ ಪಟ್ಟಿಯುಂಟು. ಸಿಮೆಂಟಿನ ಸ್ವಭಾವವೇ ಬೇರೆ. ಅದರೊಳಗೆ ಗಾಳಿ ಸೇರಿದರೆ ನೀರಿನಂತೆ ಹರಿಯುತ್ತದೆ. ಆದ್ದರಿಂದ ಅದಕ್ಕೆ ಏರ್‌ಸ್ಲೈಡ್ ಎಂಬ ಕಾಲುವೆ. ಉದ್ದನೆಯ ಉಕ್ಕಿನ ಪೆಟ್ಟಿಗೆಯ ನಡುವೆ ದಪ್ಪ ಬಟ್ಟೆಯನ್ನು ಬಿಗಿದು, ಬಟ್ಟೆಯ ಕೆಳಗಿನಿಂದ ಗಾಳಿಯನ್ನು ಊದುತ್ತಾರೆ. ಕಾಲುವೆಗೆ ಅಲ್ಪ ಇಳಿಜಾರಿದ್ದರೆ ಸಾಕು, ಹಿಟ್ಟು ಮೇಲಿನಿಂದ ಸದ್ದಿಲ್ಲದೆ ಜಾರಿಹೋಗುತ್ತದೆ. ದಾರಿ ಕವಲೊಡೆಯುವಲ್ಲಿ ಒಂದು ಉಕ್ಕಿನ ರೆಕ್ಕೆ. ಅದು ಈ ಕಡೆ ಒರಗಿದರೆ ಒಂದನೆಯ ಕಣಜ, ಆ ಕಡೆ ಒರಗಿದರೆ ಮುಂದಿನ ದಾರಿ. ಆರು ಕಣಜಗಳಿಗೆ ಇಂಥ ಐದು ರೆಕ್ಕೆಗಳು. ಊಟದ ಎಲೆಗಿಂತ ದೊಡ್ಡದಲ್ಲ ಒಂದೊಂದೂ. ಕಾರ್ಖಾನೆಯ ಅಷ್ಟು ಕೋಟಿಯ ಬಂಡವಾಳದ ಬೆಲೆ ನಿಂತಿರುವುದು ಅವುಗಳ ಅಂಚು ಸರಿಯಾಗಿ ಕೂರುವುದರ ಮೇಲೆ.

ಇನ್ನೊಂದು ಮಾತು. ಕೊಡಕ್ಕೆ ನೀರು ಹೋಗುವಾಗ ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆಯಷ್ಟೆ? ಕಣಜಕ್ಕೆ ಹಿಟ್ಟು ಹೋದಾಗಲೂ ಹಾಗೆಯೇ. ಆ ಗಾಳಿ ಧೂಳನ್ನು ಹೊತ್ತು ಊರ ಮೇಲೆ ಹೋಗದಂತೆ ತಲೆಯ ಮೇಲೆ ಬಟ್ಟೆಯ ಚೀಲಗಳ ಸೋಸುಯಂತ್ರವಿರುತ್ತದೆ. ಅದು ಕಟ್ಟಿಕೊಂಡರೆ ಕಣಜಕ್ಕೆ ಉಸಿರು ಕಟ್ಟಿದಂತೆ. ಭಾವನವರು ಪಾಳಿಗೆ ಹೋದೊಡನೆ ಮೊದಲು ಕಿವಿಗೊಟ್ಟು ಕೇಳುತ್ತಿದ್ದುದು ಅದರ ಸದ್ದನ್ನು.

೨೦೦೯ನೆಯ ಇಸವಿಯ ಮಳೆಗಾಲದಲ್ಲಿ ನಡೆದುದನ್ನು ಈಗ ಹೇಳಬೇಕು. ಆಗ ನಾನು ಅಕ್ಕನ ಮನೆಯಲ್ಲಿದ್ದೆ. ಭಾವನವರ ಬಾಯಿಂದಲೇ ಅಂದಂದಿನ ವರ್ತಮಾನವನ್ನು ಕೇಳಿದವನು.

ಎರಡನೆಯ ಕಣಜದಲ್ಲಿ ೫೩ನೆಯ ದರ್ಜೆಯ ಸಾಧಾರಣ ಸಿಮೆಂಟಿತ್ತು. ಬೇಗ ಬಲ ಕೂಡುವ ಜಾತಿ. ರೈಲು ಹಳಿಯ ಕೆಳಗಿನ ಕಾಂಕ್ರೀಟು ಸ್ಲೀಪರುಗಳನ್ನು ಮಾಡುವವರು ಕಾದಿದ್ದರು. ಎರಡು ದಿನದಿಂದ ಅದಕ್ಕೆ ತುಂಬಿರಲೂ ಇಲ್ಲ, ತೆಗೆದಿರಲೂ ಇಲ್ಲ. ಎಲಿವೇಟರು ಎತ್ತುತ್ತಿದ್ದುದು ಮೂರನೆಯ ಕಣಜಕ್ಕೆ, ಹಾರುಬೂದಿ ಸೇರಿಸಿದ ಪೋಜಲಾನ ಸಿಮೆಂಟನ್ನು. ಈ ಸಿಮೆಂಟು ಕೀಳೆಂದು ವಾಚಕರು ಭಾವಿಸಬಾರದು; ಮನೆಯ ಕೆಲಸಕ್ಕೆ ಒಳ್ಳೆಯದೇ. ಆದರೆ ಇದು ಬಲ ಕೂಡುವುದು ನಿಧಾನ. ಸ್ಲೀಪರಿನೊಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳಿರುತ್ತವೆ. ಕಾಂಕ್ರೀಟು ಗಟ್ಟಿಯಾಯಿತೆಂಬ ನಂಬಿಕೆಯ ಮೇಲೆ ಅವುಗಳ ಬಿಗಿಯನ್ನು ಬಿಡುತ್ತಾರೆ. ಗಟ್ಟಿಯಾಗಿರದಿದ್ದರೆ? ಆ ಸ್ಲೀಪರಿನ ಮೇಲೆ ಹೋಗುವುದು ಮಕ್ಕಳೊಂದಿಗರಾದ ಜನರು ತುಂಬಿದ ಗಾಡಿ.

ನಿಯಂತ್ರಣದ ಕೋಣೆಯಲ್ಲಿ ಎಲ್ಲ ದೀಪಗಳೂ ಸರಿಯಾಗಿದ್ದವು. ಎರಡನೆಯ ಕಣಜದ ರೆಕ್ಕೆ ಮುಚ್ಚಿದೆಯೆಂದು ಹಸುರು ದೀಪ ಹೇಳುತ್ತಿತ್ತು. ಭಾವನವರಿಗೆ ಒಂದು ಹಳೆಯ ಅಭ್ಯಾಸ: ಪಾಳಿಯ ಕೊನೆಗೆ ಪ್ರತಿಯೊಂದು ಕಣಜದ ಕಿಂಡಿಯಿಂದಲೂ ತೂಕದ ಗುಂಡು ಕಟ್ಟಿದ ಅಳತೆಯ ಹಗ್ಗವನ್ನು ಇಳಿಬಿಟ್ಟು, ಹಿಟ್ಟು ಎಷ್ಟು ಆಳದಲ್ಲಿದೆಯೆಂದು ಪುಸ್ತಕದಲ್ಲಿ ಬರೆಯುವುದು. ಕೆಲಸವಿಲ್ಲದ ಕಣಜವನ್ನು ಅಳೆಯಬೇಕಾದುದಿಲ್ಲ; ಅವರು ಅಳೆದರು. ಸುಮ್ಮನೆ ಬಿದ್ದಿರುವ ಸಿಮೆಂಟು ತನ್ನೊಳಗಿನ ಗಾಳಿಯನ್ನು ಬಿಟ್ಟುಕೊಟ್ಟು ಸ್ವಲ್ಪ ಕುಗ್ಗತಕ್ಕದ್ದು. ಅಂದು ಅದು ಎರಡು ಗೇಣು ಏರಿತ್ತು.

ಎರಡು ಗೇಣೆಂದರೆ ಆ ಅಗಲದ ಕಣಜದಲ್ಲಿ ಸುಮಾರು ೮೦ ಟನ್ನು. ಭಾವನವರು ಎಲಿವೇಟರನ್ನು ನಿಲ್ಲಿಸಿದರು. ಎಲಿವೇಟರು ನಿಂತರೆ ಅರೆಯುವ ಗಿರಣಿಯೂ ನಿಲ್ಲಬೇಕು. ಗಿರಣಿ ನಿಂತರೆ ಮೇಲಿನವರಿಗೆ ಎಚ್ಚರವಾಗುತ್ತದೆ. ಪಾಳಿಯ ಎಂಜಿನಿಯರು ಓಡಿಬಂದರು. “ಐದು ಸಾವಿರ ಟನ್ನಿನಲ್ಲಿ ಎಂಬತ್ತು ಟನ್ನು ಯಾವ ಲೆಕ್ಕ ರೀ? ಹುಳಿಗೆ ಒಂದು ಹರಳು ಉಪ್ಪು ಹೆಚ್ಚು ಬಿದ್ದ ಹಾಗೆ” ಎಂದರಂತೆ.

“ಹುಳಿಯಾದರೆ ಸೌಟು ಹಾಕಿ ತಿರುವಬಹುದು ಸ್ವಾಮಿ. ಕಣಜಕ್ಕೆ ಸೌಟು ಎಲ್ಲಿಂದ ತರೋಣ?”

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನೀರಿನಂತೆ ಹರಿದು ಬಂದ ಹಿಟ್ಟು ಕಣಜದೊಳಗೆ ಕುಳಿತಮೇಲೆ ನೀರಿನ ಧರ್ಮವನ್ನು ಬಿಡುತ್ತದೆ. ಅದರ ಭಾರದ ಒಂದು ಪಾಲನ್ನು ಗೋಡೆಗಳು ಉಜ್ಜುವಿಕೆಯಿಂದ ಹೊತ್ತುಕೊಳ್ಳುತ್ತವೆ. ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರು ೧೮೯೫ರಲ್ಲಿಯೇ ಇದರ ಗಣಿತವನ್ನು ಪ್ರಕಟಿಸಿದನು. ಹೊರಕ್ಕೆ ಬರುವ ಕ್ರಮವಂತೂ ಇನ್ನೂ ವಿಚಿತ್ರ. ರಾಗಿಯ ಕಣಜದ ಬುಡದ ಕಿಂಡಿಯನ್ನು ತೆಗೆದವರಿಗೆ ಇದು ಗೊತ್ತು: ರಾಗಿ ಕೆಳಗೆ ಸುರಿಯುತ್ತಿರುವಂತೆ ಮೇಲೆ ನಟ್ಟನಡುವೆ ಗುಳಿ ಬೀಳುತ್ತದೆ, ಸುತ್ತಲಿನ ಮೇಲ್ಪದರದ ಕಾಳು ಅದರೊಳಕ್ಕೆ ಉರುಳಿ ಮೊದಲು ಹೊರಗೆ ಬರುತ್ತದೆ. ಮೊದಲು ತುಂಬಿದ ಹಳೆಯ ಕಾಳು ಗೋಡೆಯ ಪಕ್ಕದಲ್ಲಿ ಹಾಗೆಯೇ ಕುಳಿತಿರುತ್ತದೆ. ಹಳೆಯ ಮಾದರಿಯ ಆ ಸೈಲೋಗಳ ರೀತಿಯೂ ಅದೇ. ಮೇಲೆ ಬಿದ್ದ ೮೦ ಟನ್ನು ಐದು ಸಾವಿರದೊಡನೆ ಬೆರೆಯುವುದಿಲ್ಲ. ಮಾರನೆಯ ಬೆಳಗ್ಗೆ ಬಂದು ನಿಲ್ಲುವ ಮೊದಲ ಮೂರು ನಾಲ್ಕು ಬಲ್ಕರ್ ಲಾರಿಗಳಿಗೆ ಬಹುಪಾಲು ಅದೇ ಇಳಿಯುತ್ತದೆ. ಸ್ಲೀಪರಿನವರಲ್ಲಿಯೂ ಪರೀಕ್ಷೆಯುಂಟು, ನಿಜ. ಆದರೆ ಮುಂದಿನ ಮನೆಯವನು ಬಾಗಿಲು ಹಾಕಿಕೊಂಡಿದ್ದಾನೆಂದು ನಮ್ಮ ಬಾಗಿಲನ್ನು ತೆರೆದಿಡುವ ಪದ್ಧತಿ ಭಾವನವರದಲ್ಲ.

ರೆಕ್ಕೆಯ ಪೆಟ್ಟಿಗೆಯನ್ನು ಬಿಚ್ಚಬೇಕಾಯಿತು. ಮಳೆಯ ತೇವಕ್ಕೆ ಮೂಲೆಯಲ್ಲಿ ಹಿಟ್ಟು ಕಲ್ಲಾಗಿ, ರೆಕ್ಕೆ ಪೂರ್ತಿ ಕೂರದೆ ಎರಡು ಬೆರಳಷ್ಟು ತೆರೆದೇ ಇತ್ತು. ದೀಪಕ್ಕೆ ಸುದ್ದಿ ಹೋಗುತ್ತಿದ್ದುದು ರೆಕ್ಕೆಯಿಂದಲ್ಲ, ಅದನ್ನು ಎಳೆಯುವ ಹೊರಗಿನ ಕೈಯಿಂದ. ಕೈ ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಕೀಲು ಸಡಿಲಿದ್ದರಿಂದ ರೆಕ್ಕೆ ಹಿಂದೆ ಉಳಿದಿತ್ತು. ದೀಪ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತು.

ಅಲ್ಲಿದ್ದ ಒಬ್ಬ ಎಳೆಯ ಹುಡುಗ, ಹೊಸಬ, ಸನಿಕೆಯನ್ನು ಹಿಡಿದು ಕಿಂಡಿಯೊಳಕ್ಕೆ ಅರ್ಧ ಮೈಯನ್ನು ತೂರಿಸಹೊರಟನು. “ಒಂದು ಏಟು ಹೊಡದ್ರ ಬೀಳ್ತದ್ರೀ, ಸಾಹೇಬ್ರ” ಎಂದು ಅವನ ಉತ್ಸಾಹ. ಭಾವನವರು ಅವನ ಅಂಗಿಯನ್ನು ಹಿಡಿದೆಳೆದು ಕೂರಿಸಿ, ಎಲಿವೇಟರಿನ ವಿದ್ಯುತ್ತಿನ ಪೆಟ್ಟಿಗೆಗೆ ತಾವೇ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಬಿಟ್ಟರು. ಕೆಳಗಿನಿಂದ ಯಾರೋ ಒತ್ತಿದ ಒಂದು ಗುಂಡಿಯಿಂದ ಆ ರೆಕ್ಕೆ ಹುಡುಗನ ಕೈಯ ಮೇಲೆ ತಿರುಗಬಹುದಾಗಿತ್ತು, ಇಲ್ಲವೆ ಮೇಲಿನಿಂದ ಹಿಟ್ಟು ಸುರಿಯಬಹುದಾಗಿತ್ತು. ನಮ್ಮ ಹಿರಿಯರು ಹಗೇವಿನ ಬಾಯನ್ನು ತೆರೆದೊಡನೆ ಒಳಗಿಳಿಯಗೊಡುತ್ತಿರಲಿಲ್ಲ. ಕೆಟ್ಟ ಗಾಳಿಗೆ ಸತ್ತವರ ಕಥೆ ಊರೂರಿಗೂ ಇತ್ತು. ಸೈಲೋದೊಳಗೆ ಗಾಳಿಗಿಂತ ಹಿಟ್ಟೇ ಮೃತ್ಯು. ಗಟ್ಟಿಯಾದ ಕಮಾನಿನಂತೆ ಕಂಡದ್ದು ಕಾಲಿಟ್ಟೊಡನೆ ಕುಸಿದು, ಮನುಷ್ಯನನ್ನು ಕೂಗಲು ಅವಕಾಶವಿಲ್ಲದಂತೆ ನುಂಗುತ್ತದೆ. ಪ್ರಪಂಚದ ನಾನಾ ಕಡೆ ಕಣಜಗಳಲ್ಲಿ ಕೆಲಸಗಾರರು ಹೀಗೆ ಸತ್ತಿದ್ದಾರೆ.

ಗಿರಣಿ ಐದು ಗಂಟೆ ನಿಂತಿತ್ತು. ಮರುದಿನ ಭಾವನವರಿಗೆ ಸಮಜಾಯಿಷಿ ಕೇಳಿ ಕಾಗದ ಬಂದಿತು. ಅನುಮತಿಯಿಲ್ಲದೆ ಯಂತ್ರವನ್ನು ನಿಲ್ಲಿಸಿದುದಕ್ಕೆ ಕಾರಣವೇನು, ಶಿಸ್ತಿನ ಕ್ರಮವನ್ನು ಏಕೆ ಕೈಕೊಳ್ಳಬಾರದು, ಇತ್ಯಾದಿ. ಆ ವರ್ಷ ಅವರ ಮಗ ಕಾಲೇಜಿಗೆ ಸೇರಿದ್ದ. ಎರಡನೆಯ ಕಂತಿನ ಹಣ ಇನ್ನೂ ಕಟ್ಟಿರಲಿಲ್ಲ. ಅಕ್ಕ ಕಾಗದವನ್ನು ಓದಿ, “ಒಂದು ಮಾತು ಕೇಳಿ ನಿಲ್ಲಿಸಬಾರದಾಗಿತ್ತೆ?” ಎಂದಳು. “ಕೇಳುವಷ್ಟರಲ್ಲಿ ಇನ್ನೂ ಹತ್ತು ಟನ್ನು ಹೋಗುತ್ತಿತ್ತಲ್ಲೇ” ಎಂದರು ಭಾವನವರು. ಅಕ್ಕ ಮತ್ತೇನನ್ನೂ ಹೇಳಲಿಲ್ಲ. ಅಂದು ರಾತ್ರಿ ಅವಳು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಉತ್ತರವಾಗಿ ಅವರು ಬರೆದುದು ಒಂದೇ ಪುಟ. ಮೂರು ದಿನದ ಅಳತೆಗಳು, ರೆಕ್ಕೆಯ ಸ್ಥಿತಿ, ಅಷ್ಟೆ. ಒಂದು ವಿಶೇಷಣವೂ ಇರಲಿಲ್ಲ. ಅಷ್ಟರಲ್ಲಿ ಪ್ರಯೋಗಶಾಲೆಯವರು ಎರಡನೆಯ ಕಣಜದ ಮೇಲ್ಪದರದಿಂದ ಮಾದರಿಯನ್ನು ತೆಗೆದು ಆಮ್ಲದಲ್ಲಿ ಹಾಕಿ ನೋಡಿದ್ದರು. ಸಾಧಾರಣ ಸಿಮೆಂಟು ಬಹುಮಟ್ಟಿಗೆ ಕರಗಿಹೋಗುತ್ತದೆ. ಹಾರುಬೂದಿಯ ಬಹುಪಾಲು ಕರಗದೆ ತಳದಲ್ಲಿ ಉಳಿಯುತ್ತದೆ. ಉಳಿದಿತ್ತು. ಮೊದಲು ಹೊರಬಂದ ಹಿಟ್ಟನ್ನೆಲ್ಲ ಮಾದರಿ ಸರಿಹೋಗುವವರೆಗೆ ಲಾರಿಗಳಲ್ಲಿ ತೆಗೆದು ಮೂರನೆಯ ಕಣಜಕ್ಕೆ ಸಾಗಿಸಿದರು; ಸ್ಲೀಪರಿನವರು ಎರಡು ದಿನ ಕಾದರು. ಭಾವನವರ ಮೇಲಿನ ಕಾಗದವನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ, ಮುಂದಕ್ಕೂ ನಡೆಸಲಿಲ್ಲ. ನಿವೃತ್ತರಾಗುವವರೆಗೂ ಅದು ಅವರ ಕಡತದಲ್ಲಿಯೇ ಇತ್ತಂತೆ.

ಈಗ ಅಲ್ಲಿ ದೀಪಕ್ಕೆ ಸುದ್ದಿ ರೆಕ್ಕೆಯ ಅಚ್ಚಿನಿಂದಲೇ ಹೋಗುತ್ತದೆ. ಹಗ್ಗ ಗುಂಡುಗಳ ಕೆಲಸವನ್ನು ರಾಡಾರು ಮಾಡುತ್ತದೆ. ಅಳತೆ ಕ್ಷಣಕ್ಷಣಕ್ಕೂ ಪರದೆಯ ಮೇಲೆ ಮೂಡುತ್ತದೆಯಂತೆ. ಹೋದ ವರ್ಷ ಅಲ್ಲಿಂದ ಬಂದಿದ್ದ ಆ ಹುಡುಗ (ಈಗ ಅವನೂ ಎರಡು ಮಕ್ಕಳ ತಂದೆ) ಇದನ್ನೆಲ್ಲ ಹೆಮ್ಮೆಯಿಂದ ವರ್ಣಿಸಿದಾಗ ಭಾವನವರು ಸಂತೋಷದಿಂದಲೇ ಕೇಳಿದರು. ಕೊನೆಗೆ, ಕೆಲಸವಿಲ್ಲದ ಕಣಜದ ಅಂಕಿಯನ್ನೂ ಪುಸ್ತಕದಲ್ಲಿ ಬರೆಯುತ್ತೀರಾ ಎಂದು ವಿಚಾರಿಸಿದರು. ಅವನು, “ಬರೀತೀವ್ರೀ, ನೀವು ಇದ್ದಾಗಿನ ಪುಸ್ತಕನ ಇನ್ನೂ ಮುಗಿದಿಲ್ಲ” ಎಂದನು.