ಮನೆಯ ನೆರಳು ಬೀಳದ ಜಾಗ

ಮನೆ ಕಟ್ಟುವ ಮಾತು ಬಂದಾಗ ತಂದೆ ಮಕ್ಕಳ ನಡುವೆ ಜಗಳವಾಗುವುದು ಹೊಸ ಸಂಗತಿಯೇನಲ್ಲ. ಆದರೆ ನಮ್ಮ ಮನೆಯ ಜಗಳ ಥಾಯ್ಲೆಂಡಿನ ಬೆಟ್ಟದವರೆಗೆ ಹೋಗಿ ಬಂತು ಎಂದರೆ ನೀವು ನಗಬಹುದು. ನಡೆದದ್ದು ಮಾತ್ರ ಹಾಗೆಯೇ.

ಮಗನಿಗೆ ಬ್ಯಾಂಕಾಕಿನಲ್ಲಿ ಕೆಲಸ. ಊರಿನಲ್ಲಿ, ಕುಂಬಳೆಯಿಂದ ಸ್ವಲ್ಪ ಒಳಗೆ, ನನ್ನ ಅಜ್ಜ ಕಟ್ಟಿಸಿದ ಹಂಚಿನ ಮನೆಯಲ್ಲಿ ನಾವಿಬ್ಬರೇ. 1956ರ ನವೆಂಬರ್ 1ರಂದು ನನ್ನ ತಂದೆ ಈ ಮನೆಯ ಚಾವಡಿಯಿಂದ ಅಂಗಳಕ್ಕೂ ಇಳಿಯದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದರು. ಮನೆ ಇದ್ದಲ್ಲೇ ಇತ್ತು, ಗಡಿ ಮಾತ್ರ ಸರಿಯಿತು. ಆದ್ದರಿಂದಲೋ ಏನೋ, ಈ ಮನೆಯೆಂದರೆ ನನಗೆ ಸ್ವಲ್ಪ ಹೆಚ್ಚೇ ಮೋಹ. ಆದರೆ ಮೋಹಕ್ಕೆ ಗೆದ್ದಲು ಹೆದರುವುದಿಲ್ಲ. ಪಕ್ಕಾಸುಗಳು ಟೊಳ್ಳಾಗಿದ್ದವು. ಮಳೆಗಾಲ ಬಂತೆಂದರೆ ನನ್ನವಳು ಚಾವಡಿಯ ನಾಲ್ಕು ಕಡೆ ಪಾತ್ರೆ ಇಡುತ್ತಿದ್ದಳು.

"ಅಪ್ಪಾ, ಇದನ್ನು ಕೆಡವಿ ಹೊಸತು ಕಟ್ಟುವ. ನನ್ನ ಮನಸ್ಸಿನಲ್ಲಿರುವ ಮಾದರಿಯ ಮನೆ ಇಲ್ಲೇ ಬೆಟ್ಟದಲ್ಲಿದೆ. ಒಮ್ಮೆ ಬಂದು ನೋಡಿ" ಎಂದು ಮಗ ಒತ್ತಾಯ ಮಾಡಿದ. ಹಾಗೆ 2023ರ ಡಿಸೆಂಬರಿನಲ್ಲಿ ನಾವು ಹೊರಟೆವು.

ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು ಮೂರು ಗಂಟೆಯ ಕಾರಿನ ಪ್ರಯಾಣ. ಸರಬುರಿಯ ನಂತರ ಬೆಟ್ಟ ಶುರು. ಆ ಹೆದ್ದಾರಿಗೆ ಮಿತ್ರಫಾಪ್ ರಸ್ತೆ ಎಂದು ಹೆಸರು. ಅಮೆರಿಕದ ನೆರವಿನಿಂದ ಕಟ್ಟಿ 1958ರಲ್ಲಿ ತೆರೆದದ್ದು. ಹೆಸರು ನಮ್ಮ 'ಮಿತ್ರಭಾವ'ವೇ. ನಿವೃತ್ತ ಕನ್ನಡ ಮಾಷ್ಟ್ರಿಗೆ ಇಷ್ಟು ಸಿಕ್ಕಿದರೆ ಪ್ರಯಾಣದ ಆಯಾಸ ಅರ್ಧ ಇಳಿಯಿತೆಂದೇ ಲೆಕ್ಕ.

ಖಾವೊ ಯಾಯ್ ಎಂದರೆ ದೊಡ್ಡ ಬೆಟ್ಟ. 1962ರಲ್ಲಿ ಘೋಷಿಸಿದ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಅಲ್ಲಿದೆ. 2005ರಿಂದ ಆ ಕಾಡಿನ ಸಾಲಿಗೆ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಸ್ಥಾನವಿದೆ. ಕಾಡಿನೊಳಗೆ ಆನೆ, ಗಿಬ್ಬನ್, ಜಲಪಾತ. ಕಾಡಿನ ಹೊರಗೆ, ಪಾಕ್ ಚೋಂಗ್ ಕಡೆಯ ರಸ್ತೆಯಲ್ಲಿ, ಯುರೋಪು! ಇಟಲಿಯ ಹಳ್ಳಿಯಂತೆ ಕಟ್ಟಿದ ಪೇಟೆ, ದ್ರಾಕ್ಷಿ ತೋಟ, ಫೋಟೋ ತೆಗೆಸಿಕೊಳ್ಳುವವರಿಗಾಗಿ ಸಾಕಿದ ಕುರಿಮಂದೆ. ಡಿಸೆಂಬರಿನ ಚಳಿಗೆ ಬ್ಯಾಂಕಾಕಿನವರು ಪೆಟ್ಟಿಗೆಯಿಂದ ಸ್ವೆಟರ್ ತೆಗೆದು, ವರ್ಷಕ್ಕೊಮ್ಮೆ ವಿದೇಶ ಪ್ರವಾಸದ ಸುಖವನ್ನು ಸ್ವದೇಶದಲ್ಲೇ ಪಡೆಯುತ್ತಾರೆ.

ನಾವು ಇಳಿದ ಹೋಟೆಲು ಇಂಗ್ಲೆಂಡಿನ ಹಳ್ಳಿಯ ದೊರೆಮನೆಯ ಮಾದರಿಯದು. ಕೆಂಪು ಇಟ್ಟಿಗೆಯ ಗೋಡೆ, ಅದಕ್ಕೆ ಹಬ್ಬಿಸಿದ ಬಳ್ಳಿ, ಮಾಡಿನ ಮೇಲೆ ಮೂರು ಚಿಮಣಿ. ಬಾಗಿಲಲ್ಲಿ ಉಕ್ಕಿನ ಕವಚ ತೊಟ್ಟ ಸೈನಿಕ. ಕವಚದೊಳಗೆ ಯಾರೂ ಇಲ್ಲ. ಅಂಗಳದಲ್ಲಿ ಕೆಂಪು ಟೆಲಿಫೋನ್ ಗೂಡು. ಅದರೊಳಗೆ ಟೆಲಿಫೋನ್ ಇಲ್ಲ. ಹಜಾರದ ಅಗ್ಗಿಷ್ಟಿಕೆಯಲ್ಲಿ ವಿದ್ಯುತ್ತಿನ ಬೆಂಕಿ, ಆದ್ದರಿಂದ ಚಿಮಣಿಯಲ್ಲಿ ಹೊಗೆಯೂ ಇಲ್ಲ. ಸೋಜಿಗವೆಂದರೆ ಇದು ಯಾವ ಯುರೋಪಿನ ದೊರೆಗೂ ವಸಾಹತಾಗದ ದೇಶ. ನಮಗೆ ಇನ್ನೂರು ವರ್ಷ ಬೇಡವೆಂದರೂ ಬಂದದ್ದನ್ನು ಇವರು ತಾವಾಗಿ ಹಣ ಕೊಟ್ಟು ತರಿಸಿಕೊಂಡಿದ್ದಾರೆ.

ಊಟದ ಕೋಣೆಯಲ್ಲಿ ನಾನು ನನ್ನವಳೊಡನೆ ಇದನ್ನೇ ಹೇಳುತ್ತಿದ್ದೆ. ಪಕ್ಕದ ಮೇಜಿನಿಂದ "ನಾಟ್ಟಿಲೆವಿಡೆಯಾ, ಮಾಷೇ?" ಎಂಬ ದನಿ ಬಂತು. ಪಯ್ಯನ್ನೂರಿನ ಕುಟುಂಬ. ನನ್ನ ಕನ್ನಡ ಕೇಳಿ ಊರಿನವರೆಂದು ತಿಳಿದರಂತೆ, ದನಿ ಕೇಳಿ ಮಾಷ್ಟ್ರೆಂದೂ! ಊರಿನಲ್ಲಾದರೆ ಕಚೇರಿಯ ಅರ್ಜಿ ಯಾವ ಭಾಷೆಯಲ್ಲಿರಬೇಕೆಂದು ನಾನು ಗುಮಾಸ್ತರೊಡನೆ ವಾದಿಸಿದವನು. ಅಲ್ಲಿ ಅವರ ಮಲಯಾಳ ಕೇಳಿ ಕಿವಿ ತಂಪಾಯಿತು. ಅವರು ತಂದಿದ್ದ ಮಾವಿನ ಉಪ್ಪಿನಕಾಯಿ ನಮ್ಮ ಮೇಜಿಗೂ ಬಂತು. ಮತ್ತೆ ಭಾಷೆಯ ವಿಷಯ ಯಾರೂ ಎತ್ತಲಿಲ್ಲ.

ರಾತ್ರಿ ಮಗ ನಕ್ಷೆ ಬಿಡಿಸಿದ. ಇದೇ ಇಟ್ಟಿಗೆ, ಇದೇ ಇಳಿಜಾರು ಮಾಡು, ಒಂದು ಚಿಮಣಿ. ನಾನು ಬೆರಳಿಟ್ಟು ಅಂಗಳ, ಬಾವಿ, ತೋಟದ ದಾರಿ ಗುರುತಿಸುತ್ತಾ ಹೋದೆ. ಗುಳಿಗನ ಕಟ್ಟೆ ಇರಬೇಕಾದಲ್ಲಿ ಕಾರಿನ ಶೆಡ್ ಇತ್ತು.

"ಕಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಇಟ್ಟರಾಯಿತಲ್ಲ ಅಪ್ಪಾ" ಎಂದ.

ನನಗೆ ಸಿಟ್ಟು ಬಂತು. "ನಮ್ಮ ಮನೆ ನಮ್ಮ ಹಾಗಿರಲಿ. ಯಾವುದೋ ದೇಶದ ಚಿಮಣಿ ನಮಗ್ಯಾಕೆ? ಅಜ್ಜನ ಕಾಲದ ಹಂಚಿನ ಮಾಡು ಏನು ಕಡಿಮೆ?"

ಅಷ್ಟರವರೆಗೆ ಶಾಲು ಹೊದ್ದು ಸುಮ್ಮನಿದ್ದ ನನ್ನವಳು, "ಆ ಹಂಚಿನ ಅಡಿಯಲ್ಲಿ ಯಾರ ಹೆಸರು ಒತ್ತಿದ್ದಾರೆಂದು ನೋಡಿದ್ದೀರಾ?" ಎಂದಳು.

ನೋಡಿದ್ದೆ. ಬಾಸೆಲ್ ಮಿಶನ್. ಜರ್ಮನ್ ಮಾತಿನ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಶುರುವಾದ ಹಂಚು. ಅದಕ್ಕೆ ಮೊದಲು ಈ ಕಡೆಯ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು. ಅಜ್ಜ ಹುಲ್ಲು ತೆಗೆಸಿ ಹಂಚು ಹೊದೆಸಿದಾಗ ಮುತ್ತಜ್ಜ ಏನೆಂದಿದ್ದರೋ! ನಾನು ನಮ್ಮದು ನಮ್ಮದು ಎಂದು ಎದೆಗೆ ಒತ್ತಿಕೊಂಡಿದ್ದ ಮಾಡು ಹೊರಗಿನಿಂದ ಬಂದದ್ದು. ಐವತ್ತು ವರ್ಷ ನಾನು ಅರ್ಥ ಹುಡುಕಿದ ಕಿಟ್ಟೆಲರ ಕೋಶವೂ 1894ರಲ್ಲಿ ಅದೇ ಮಿಶನ್ನಿನ ಅಚ್ಚುಕೂಟದಿಂದ ಬಂದದ್ದು. ಉತ್ತರ ಹೊಳೆಯದೆ ಮಲಗಿದೆ. ಮಲಗಿದವನಿಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಕಾಡಿನ ಕಡೆಯಿಂದ ಗಿಬ್ಬನ್‌ಗಳ ಕೂಗು ಕೇಳಿ, ಏಳು ವರ್ಷದ ಮೊಮ್ಮಗಳು ನನ್ನನ್ನು ಎಳೆದುಕೊಂಡು ಹೊರಟಳು. ಹೋಟೆಲಿನ ಹಿಂದೆ ಅಲ್ಲ, ಎದುರಿಗೇ, ಅಂಗಳದ ಮೂಲೆಯಲ್ಲಿ, ಕಂಬದ ಮೇಲೆ ಒಂದು ಪುಟ್ಟ ಗುಡಿ ಕಂಡಿತು. ಥಾಯ್ ದೇವಸ್ಥಾನದ ಚೂಪು ಮಾಡು. ಒಳಗೆ ಬೆರಳುದ್ದದ ಆನೆಗಳು, ಆಳುಗಳು. ಎದುರಿಗೆ ಚೆಂಡುಹೂವಿನ ಮಾಲೆ, ಊದುಬತ್ತಿ, ನಳಿಗೆ ಹಾಕಿಟ್ಟ ಕೆಂಪು ಸೋಡದ ಬಾಟಲಿ. ತೋಟದ ಕೆಲಸದ ಮುದುಕರೊಬ್ಬರು ಕೈಮುಗಿದು ನಿಂತಿದ್ದರು. ಹುಡುಗಿಗೆ ಥಾಯ್ ಸಲೀಸು. ನಾನು ಕೇಳಿಸಿದೆ, ಅವಳು ಕೇಳಿದಳು.

"ಇದು ಈ ಜಾಗದ ಯಜಮಾನನ ಮನೆಯಂತೆ ಅಜ್ಜ. ಹೆಸರು ಫ್ರ ಫೂಮ್. ದೊಡ್ಡ ಮನೆ ಕಟ್ಟುವಾಗ ಅವನಿಗೂ ಒಂದು ಮನೆ ಕೊಡಬೇಕಂತೆ. ದೊಡ್ಡ ಮನೆಯ ನೆರಳು ಅದರ ಮೇಲೆ ಬೀಳಬಾರದಂತೆ."

ಫೂಮ್ ಎಂದರೆ ಭೂಮಿ. ನಾನು ಹೇಳಿದೆ. ಅವಳು ಕಣ್ಣರಳಿಸಿದಳು. ಈ ಪ್ರಾಂತ್ಯದ ಹೆಸರು ನಖೋನ್ ರಾಚಸೀಮಾ ಅಲ್ಲವೇ? ನಖೋನ್ ಎಂದರೆ ನಗರ, ರಾಚ ಎಂದರೆ ರಾಜ, ಸೀಮಾ ಎಂದರೆ ನಮ್ಮ ಸೀಮೆಯೇ. "ಅಜ್ಜನಿಗೆ ಥಾಯ್ ಬರುತ್ತದೆ!" ಎಂದು ಕುಣಿದಳು. ನಾನೂ ನಕ್ಕೆ. ನಗು ಪೂರ್ತಿ ಬರಲಿಲ್ಲ. ಅವಳು ಮೂರು ಲಿಪಿ ಬಲ್ಲ ಹುಡುಗಿ. ಥಾಯ್, ಇಂಗ್ಲಿಷ್, ಅಮ್ಮ ಹೇಳಿಕೊಟ್ಟ ಹಿಂದಿ. ಮೂವತ್ತಮೂರು ವರ್ಷ ಊರಿನ ಮಕ್ಕಳಿಗೆ ಕನ್ನಡ ಕಲಿಸಿದವನ ಮೊಮ್ಮಗಳಿಗೆ ಕನ್ನಡದ ಒಂದು ಅಕ್ಷರ ಗೊತ್ತಿರಲಿಲ್ಲ. ಇದಕ್ಕೆ ಯಾವ ಸರಕಾರವನ್ನು ದೂರಲಿ?

ಕಾರಿನ ಗಾಜಿನ ಮೇಲೆ ಮಂಜು ಕಟ್ಟಿತ್ತು. ಬೆರಳಿನಿಂದ ದೊಡ್ಡದಾಗಿ 'ಭೂಮಿ' ಎಂದು ಬರೆದೆ. ಅವಳು ಅದರ ಕೆಳಗೆ ಬರೆದಳು. ಭಕಾರದ ಹೊಟ್ಟೆ ಸೀಳಲು ಮರೆತು 'ಬೂಮಿ' ಮಾಡಿದಳು. ಬಿಸಿಲು ಬಂದು ಎರಡೂ ಕರಗುವವರೆಗೆ ನಾವು ಅಲ್ಲೇ ಇದ್ದೆವು. ಮಗ ಹಿಂದೆ ನಿಂತು ನೋಡುತ್ತಿದ್ದ ಎಂದು ನನಗೆ ಆಮೇಲೆ ತಿಳಿಯಿತು.

ಬ್ಯಾಂಕಾಕಿಗೆ ಮರಳಿದ ಮೇಲೆ ಅರಮನೆ ನೋಡಲು ಹೋದೆವು. ಅಲ್ಲಿ ಚಕ್ರಿ ಮಹಾಪ್ರಾಸಾದವೆಂಬ ಸಭಾಭವನವಿದೆ. ರಾಜ ಚುಲಲಾಂಗ್‌ಕಾರ್ನನ ಕಾಲದ್ದು, 1882ರಲ್ಲಿ ಮುಗಿದದ್ದು. ಕಟ್ಟಿಸಿದ ಶಿಲ್ಪಿ ಆಂಗ್ಲ. ಕಂಬ, ಕಿಟಕಿ, ಗೋಡೆ ಎಲ್ಲ ಯುರೋಪಿನದು. ರಾಜನಿಗೆ ಮೇಲೆಯೂ ಗುಮ್ಮಟವೇ ಬೇಕಿತ್ತಂತೆ. ಕೊನೆಗೆ ಹಿರಿಯರ ಮಾತಿಗೆ ಒಪ್ಪಿ ಥಾಯ್ ಶಿಖರಗಳನ್ನು ಇರಿಸಿದ. ಕಿರೀಟ ಧರಿಸಿದ ಪರಂಗಿ ಎಂದು ಅಲ್ಲಿಯ ಜನ ಅದನ್ನು ತಮಾಷೆ ಮಾಡುತ್ತಾರೆ. ನನಗೆ ನನ್ನ ಮನೆ ನೆನಪಾಯಿತು. ಅವರದ್ದು ಮೈ ಪರಂಗಿ, ತಲೆ ತಮ್ಮದು. ನಮ್ಮದು ತಲೆ ಪರಂಗಿ, ಮೈ ನಮ್ಮದು. ಇಷ್ಟು ಕಾಲ ಅದರೊಳಗೆ ದೀಪ ಹಚ್ಚಿ, ತಂಬಿಲ ಕೊಟ್ಟು, ಕನ್ನಡ ಮಾತಾಡಿ ನಾವು ಅದನ್ನು ನಮ್ಮದು ಮಾಡಿಕೊಂಡಿದ್ದೆವು.

ಆ ಸಂಜೆ ನಾನೇ ಮಾತು ತೆಗೆದೆ. "ಚಿಮಣಿ ಬೇಕಾದರೆ ಇಡು. ಕಟ್ಟೆ ಇದ್ದಲ್ಲೇ ಇರಬೇಕು. ಮನೆಯ ಹೆಸರು ಕನ್ನಡದಲ್ಲಿರಬೇಕು."

"ಕನ್ನಡದಲ್ಲಿ ಬರೆದರೆ ಇನ್ನು ಮುಂದೆ ಓದುವುದು ಯಾರು ಅಪ್ಪಾ?" ಎಂದ. ವ್ಯಂಗ್ಯವಾಗಿ ಹೇಳಿದ್ದಲ್ಲ. ಅವನ ದನಿಯಲ್ಲಿ ಏನೋ ಕಳೆದುಕೊಂಡವನ ಅಳುಕಿತ್ತು. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವನೇ, "ಭಾನುವಾರ ಸಂಜೆ ಫೋನಿನಲ್ಲಿ ಅವಳಿಗೆ ಕಲಿಸುತ್ತೀರಾ?" ಎಂದು ಕೇಳಿದ.

ಈಗ ಊರಿನಲ್ಲಿ ಹೊಸ ಮನೆಯ ಪಂಚಾಂಗ ಎದ್ದಿದೆ. ಹಳೆಯ ಹಂಚುಗಳನ್ನು ಹಟ್ಟಿಗೆ ಹೊದೆಸಲೆಂದು ಜೋಡಿಸಿ ಇಟ್ಟಿದ್ದೇವೆ. ಚಿಮಣಿಯ ನಕ್ಷೆ ನೋಡಿ ಮೇಸ್ತ್ರಿ, "ಈ ಸೆಕೆಯಲ್ಲಿ ಇಲ್ಲಿ ಬೆಂಕಿ ಕಾಯಿಸುವವರು ಯಾರು ಮಾಷ್ಟ್ರೇ?" ಎಂದು ನಕ್ಕ. ನನ್ನವಳಿಗೆ ಮಾತ್ರ ಅದರ ಚಿಂತೆಯಿಲ್ಲ. ಅದರ ಕೆಳಗೆ ಬಚ್ಚಲಿನ ಒಲೆ ಹಾಕಿಸುತ್ತಾಳಂತೆ. ಹೆಸರಿನ ಹಲಗೆಯಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ. ನೆರೆಯವರೂ ಅಂಚೆಯವರೂ ಓದಬೇಕಲ್ಲ. ಕನ್ನಡದ ಸಾಲನ್ನು ಮೊಮ್ಮಗಳ ಕೈಯಲ್ಲೇ ಬರೆಸಬೇಕೆಂದು ನನ್ನಾಸೆ. ಅವಳು ಕಾಗುಣಿತಕ್ಕೆ ಬಂದಿದ್ದಾಳೆ. ಕೆಲವು ಭಾನುವಾರ ಅವಳಿಗೆ ಬಿಡುವಿರುವುದಿಲ್ಲ. ಫೋನು ಹಿಡಿದು ಕಾದು ಇಟ್ಟುಬಿಡುತ್ತೇನೆ.

ಕಾರಿನ ಶೆಡ್ ಬಾವಿಯ ಕಡೆಗೆ ಹೋಗಿದೆ. ಗೋಡೆ ಏಳುವ ಮೊದಲು ಮೇಸ್ತ್ರಿಯಿಂದ ಮಾಡಿನ ಎತ್ತರಕ್ಕೆ ಒಂದು ಅಡಿಕೆ ಸಲಾಕೆ ನಿಲ್ಲಿಸಿದ್ದೇನೆ. ದಿನಾ ಸಂಜೆ ನಾಲ್ಕರ ನಂತರ ಹೋಗಿ ನೋಡುತ್ತೇನೆ. ಅದರ ನೆರಳು ಉದ್ದವಾಗುತ್ತಾ ಕಟ್ಟೆಯ ಕಡೆ ಬರುತ್ತದೆ. ಸದ್ಯಕ್ಕೆ ಎರಡು ಮೊಳ ಈಚೆ ನಿಲ್ಲುತ್ತದೆ.