ಅಜ್ಜಿಯ ತವರಿನ ಹೆಸರು

ವಂಶಾವಳಿಯ ವಿಷಯದಲ್ಲಿ ನನಗೆ ಹೆಚ್ಚಿನ ಆಸ್ಥೆ ಎಂದೂ ಇದ್ದದ್ದಿಲ್ಲ. ವರ್ಷಕ್ಕೊಮ್ಮೆ ಶ್ರಾದ್ಧದ ದಿನ ಪುರೋಹಿತರು ಕೇಳುತ್ತಾರೆ. ಅಪ್ಪ, ತಾತ, ಮುತ್ತಾತ, ಅವರವರ ಪತ್ನಿಯರು ಎಂದು ಮೂರು ತಲೆಯ ಹೆಸರು ಒಪ್ಪಿಸಿ, ಪಿತೃಋಣ ತೀರಿತೆಂದು ಎಲೆಯ ಮುಂದೆ ಕೂರುತ್ತೇನೆ. ಅದರಾಚೆಗೂ ಯಾರೋ ಇದ್ದೇ ಇದ್ದರು. ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲವಷ್ಟೆ!

ಈ ನೆಮ್ಮದಿಯನ್ನು ಕೆಡಿಸಿದವರು ಲಂಡನ್ನಿನಿಂದ ಬಂದ ಒಬ್ಬ ವೃದ್ಧೆ, ನನ್ನ ಮಗನ ಪರಿಚಯದವರು. ಬೆಂಗಳೂರಿನಿಂದ ರೈಲು ಹಿಡಿದು ನಮ್ಮ ಅರಸೀಕೆರೆಯಲ್ಲಿ ಇಳಿದಾಗ ಅವರ ಚೀಲದಲ್ಲಿ ಬಟ್ಟೆಗಿಂತ ಕಾಗದಗಳೇ ಹೆಚ್ಚಾಗಿದ್ದುವು. ಅವರ ಪೂರ್ವಜನೊಬ್ಬ ಮಂಜರಾಬಾದಿನ ಕಡೆ ಕಾಫಿ ತೋಟದ ದೊರೆಯಾಗಿದ್ದನಂತೆ.

ಮೈಸೂರು ಸೀಮೆ ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದುದು 1831ರಿಂದ 1881ರವರೆಗೆ. ಆ ಕಾಲದಲ್ಲಿಯೇ, 1840ರ ದಶಕದಿಂದ, ಇಂದಿನ ಸಕಲೇಶಪುರದ ಸುತ್ತಿನ ಮಲೆಗಳಿಗೆ ಬಿಳಿಯರು ಕಾಫಿ ಬೆಳೆಯಲು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತ 1871ರಲ್ಲೊಮ್ಮೆ, 1894ರಲ್ಲೊಮ್ಮೆ ತನ್ನ ಅನುಭವಗಳನ್ನು ಪುಸ್ತಕ ಮಾಡಿದ. ಪುಸ್ತಕ ಬರೆಯದವರೂ ಕಳೆದುಹೋಗಲಿಲ್ಲ. ಮದರಾಸು ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ಶವಸಂಸ್ಕಾರಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ.

“ಹಾಗಾದರೆ ನಿಮಗೆ ಎಲ್ಲವೂ ಸಿಕ್ಕಿದಂತಾಯಿತಲ್ಲ!” ಎಂದೆ.

“ಅಜ್ಜ ಸಿಕ್ಕಿದ್ದಾನೆ, ಅಜ್ಜಿ ಸಿಕ್ಕಿಲ್ಲ” ಎಂದು ಆಕೆ ಒಂದು ಹಾಳೆ ತೆಗೆದರು.

ದೊರೆಯ ಹುಟ್ಟೂರು, ಮರಣಪತ್ರ ಎಲ್ಲ ಇದ್ದುವು. ಮಗುವಿನ ನಾಮಕರಣದ ದಾಖಲೆಯಲ್ಲಿ ಮಾತ್ರ, ತಾಯಿ ಎಂಬ ಕಡೆ ಬೈಬಲಿನಿಂದ ತೆಗೆದ ಒಂದೇ ಹೆಸರು; ಮುಂದೆ ‘ಈ ನಾಡಿನ ಹೆಂಗಸು, ಬೇಲೂರು’ ಎಂದಿತ್ತು. ಅವಳ ತಂದೆ ಯಾರು, ಅವಳು ಹುಟ್ಟಿದಾಗ ಇಟ್ಟ ಹೆಸರೇನು? ಬರೆದವನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರು ಮಾಡಿಕೊಂಡು ಹೊರಟೆವು. ಮೊದಲು ಹಳೇಬೀಡು. ಹೊಯ್ಸಳರ ರಾಜಧಾನಿ ದೋರಸಮುದ್ರ ಹಾಳಾದ ಮೇಲೆ ತನ್ನ ಹೆಸರನ್ನೂ ಕಳೆದುಕೊಂಡು ಬರಿಯ ‘ಹಳೆಯ ಬೀಡು’ ಆಯಿತೆಂದು ವಿವರಿಸಿದೆ. “ಊರುಗಳಿಗೂ ಹೀಗಾಗುತ್ತದೆಯೆ?” ಎಂದು ಆಕೆ ಸುಮ್ಮನಾದರು.

ಅಲ್ಲಿಂದ ಬೇಲೂರು ನಾಲ್ಕು ಹರದಾರಿಯೂ ಇಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರ ಕೆಳಗೆ ಶಿಲ್ಪಿಗಳ ರುಜುಗಳಿವೆ. ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ್ದಾನೆ. ಅವನ ಮಗ ಚಾವಣನೂ ಅಷ್ಟೆ. ಒಂಬತ್ತು ನೂರು ವರ್ಷಗಳಾದರೂ ಅಪ್ಪಮಕ್ಕಳು ಅಲ್ಲೇ ಇದ್ದಾರೆ. “ಚಾವಣನ ತಾಯಿ?” ಎಂದು ಆಕೆ ಕೇಳಿದರು. ನಾನು ಮದನಿಕೆಯ ಕಡೆ ನೋಡಿದೆ. ಅವಳು ತನ್ನ ಕನ್ನಡಿಯನ್ನು ನೋಡಿಕೊಳ್ಳುತ್ತಿದ್ದಳು.

ಒಳಗೆ ಅರ್ಚಕರು ವಾಡಿಕೆಯಂತೆ, “ಯಾರ ಹೆಸರಿಗೆ ಅರ್ಚನೆ? ಗೋತ್ರ?” ಎಂದರು. ಆಕೆ ತನ್ನ ಹೆಸರಿಗೆ ಬೇಡವೆಂದರು. ನಾನು ವಿಷಯ ತಿಳಿಸಿದೆ. ಅರ್ಚಕರು ಒಂದು ಗಳಿಗೆ ತಡೆದು, “ಅದಕ್ಕೇನಂತೆ ಸ್ವಾಮಿ, ಹೆಸರು ತಿಳಿಯದಿದ್ದರೆ ದೇವರ ಹೆಸರಿಗೇ ಮಾಡೋಣ. ಅವನಿಗೆ ಗೊತ್ತಿರುತ್ತೆ” ಎಂದರು. ಮಂಗಳಾರತಿಯ ಬೆಳಕಿನಲ್ಲಿ ಆಕೆಯ ಕಣ್ಣು ತುಂಬಿದ್ದುದನ್ನು ಕಂಡೆ.

ಹಿಂತಿರುಗುವಾಗ ಕಾರಿನಲ್ಲಿ ಆಕೆ, “ನಿಮ್ಮ ಅಜ್ಜಿಯರ ಹೆಸರೆಲ್ಲ ನಿಮಗೆ ಗೊತ್ತಿರಬೇಕು” ಎಂದರು. ಗೊತ್ತಿದೆ ಎಂದು ಜಂಬದಿಂದ ಬಾಯಿ ತೆರೆದವನು ಹಾಗೆಯೇ ನಿಂತೆ. ಮುತ್ತಜ್ಜಿಯ ಹೆಸರೆಂದು ನಾನು ಎಳ್ಳುನೀರು ಬಿಡುವುದು ಮದುವೆಯ ದಿನ ಗಂಡನ ಮನೆಯವರು ಅಕ್ಕಿಯ ತಟ್ಟೆಯಲ್ಲಿ ಬರೆಸಿದ ಹೆಸರಿಗೆ. ಹತ್ತು ವರ್ಷದ ಆ ಹುಡುಗಿ ಅದರ ಹಿಂದಿನ ದಿನದವರೆಗೆ ಯಾವ ಹೆಸರಿಗೆ ಓಗೊಡುತ್ತಿದ್ದಳು? ಚರ್ಚಿನ ಗುಮಾಸ್ತನನ್ನು ಮನಸ್ಸಿನಲ್ಲೇ ಬಯ್ದುಕೊಂಡಿದ್ದ ನನಗೆ ನಾಚಿಕೆಯಾಯಿತು. ನಮ್ಮ ಮನೆಯವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಂಜೆ ಸ್ಟೇಷನ್ನಿನಲ್ಲಿ ಊರಿನ ಹಲಗೆ ತೋರಿಸಿ ಆಕೆ ಅರ್ಥ ಕೇಳಿದರು. “ಅರಸಿಯ ಕೆರೆ. ರಾಣಿಯೊಬ್ಬಳು ಕಟ್ಟಿಸಿದ್ದಂತೆ” ಎಂದೆ.

“ಅವಳ ಹೆಸರು?”

ನಾವಿಬ್ಬರೂ ನಕ್ಕೆವು. ರೈಲು ಹೊರಟಿತು.

ಮನೆಗೆ ಬಂದವನೇ ಶಿವಮೊಗ್ಗದಲ್ಲಿರುವ ಸೋದರತ್ತೆಗೆ ಫೋನು ಮಾಡಿದೆ. ಆಕೆಗೆ ತೊಂಬತ್ತರ ಹತ್ತಿರ.

“ಅತ್ತೆ, ನಿಮ್ಮಜ್ಜಿಗೆ ತವರಿನಲ್ಲಿ ಏನು ಹೆಸರಿತ್ತು?”

“ಇದೇನೋ ಈ ಹೊತ್ತಲ್ಲಿ! ಹೆಸರು ನಂಗೂ ತಿಳೀದು ಕಣೋ. ಅವರಣ್ಣ ಬಂದಾಗ ಮಾತ್ರ ಬಾಗಿಲಲ್ಲೇ ‘ಪಾಪಚ್ಚೀ’ ಅಂತ ಕೂಗೋರು. ಆವಾಗ ಅಜ್ಜಿ ಮುಖ ನೋಡಬೇಕಿತ್ತು.”

ಶ್ರಾದ್ಧ ಬರುವ ತಿಂಗಳು. ಪುರೋಹಿತರಿಗೆ ಎಂದಿನ ಹೆಸರನ್ನೇ ಹೇಳುತ್ತೇನೆ. ಶಾಸ್ತ್ರ ಕೆಡಿಸುವಷ್ಟು ಧೈರ್ಯ ನನಗಿಲ್ಲ. ಎಳ್ಳುನೀರು ಬಿಡುವಾಗ ಮಾತ್ರ ಮನಸ್ಸಿನಲ್ಲಿ ಒಮ್ಮೆ ‘ಪಾಪಚ್ಚಿ’ ಎಂದುಕೊಳ್ಳಬೇಕೆಂದಿದ್ದೇನೆ.