ಎರಡು ವರ್ಷ ನಿಂತ ಗಾಡಿ

ಭಾಯಿಜಾನ್ ರಿಯಾದ್‌ಗೆ ಕೆಲಸಕ್ಕೆ ಹೋಗುವಾಗ ತಮ್ಮ ಬೈಕನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಟಾರ್ಪಾಲ್ ಹೊದಿಸಿ ಹೋದರು. ಎರಡು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಅಬ್ಬಾ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೆಳಗಿನ ಜಾವ ಬಸ್ ಇಲ್ಲದ್ದರಿಂದ ಆಟೋಗೆ ದಿನಕ್ಕೆ 80 ರೂಪಾಯಿ ಕೊಡುತ್ತಿದ್ದರು. ಈದ್ ಮುಗಿದ ಮೇಲೆ ಗುಜರಿಯವರು ಬೈಕನ್ನು 9,000ಕ್ಕೆ ಕೇಳಿದರು. ಅಬ್ಬಾ ಒಪ್ಪುವ ಹಾಗಿದ್ದರು. "ಮಗನ ಮೊದಲ ಸಂಬಳದ ಗಾಡಿ" ಎಂದಷ್ಟೇ ಹೇಳಿ ಅಮ್ಮಿ ಸುಮ್ಮನಾದರು. ನಾನು ಒಂದು ವಾರ ಸಮಯ ಕೇಳಿದೆ.

"ಹತ್ತು ಸಲ ಕಿಕ್ ಹೊಡಿ, ತಾನೇ ಸ್ಟಾರ್ಟ್ ಆಗುತ್ತೆ" ಎಂದು ಪಕ್ಕದ ಮನೆಯವರು ಹೇಳಿದರು. ಹಳೆಯ ಗಾಡಿಗಳಿಗೆ ಅದು ಸರಿ. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕ್‌ಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಇದರಲ್ಲಿ ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಒತ್ತಡದಿಂದ ಕಳಿಸುತ್ತದೆ, ಇಂಜೆಕ್ಟರ್ ಅದನ್ನು ಸಿಂಪಡಿಸುತ್ತದೆ. ಯಾವಾಗ, ಎಷ್ಟು ಎಂಬುದನ್ನು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಎಲ್ಲಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಕ್ ಹೊಡೆದು ಕಾಲು ನೋವಾಗುವುದೇ ಲಾಭ.

ನಮ್ಮ ಮೊಹಲ್ಲಾದ ಮೆಕ್ಯಾನಿಕ್ ಚಾಚಾ ಮೊದಲು ಹೇಳಿದ್ದು, "ಬೇಟಾ, ಕೀ ತಿರುಗಿಸಬೇಡ." ಟ್ಯಾಂಕಿನ ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆಯೇ ಇರಲಿಲ್ಲ, ವಾರ್ನಿಷ್ ವಾಸನೆ ಬಂತು. ಪೆಟ್ರೋಲ್ ಹಳತಾದರೆ ಅಂಟು ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದೂ ಅಲ್ಲಿಂದಲೇ. ಇಂಜೆಕ್ಟರಿನ ತೂತುಗಳು ಬಹಳ ಸಣ್ಣವು, ಆ ಅಂಟು ಒಳಗೆ ಹೋದರೆ ಖರ್ಚು ದೊಡ್ಡದು.

ಹಳೆಯ ಪೆಟ್ರೋಲನ್ನು ಕ್ಯಾನಿಗೆ ತೆಗೆದೆವು, ಚರಂಡಿಗೆ ಸುರಿಯಲಿಲ್ಲ. ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಗೂಡು ಕಟ್ಟಿತ್ತು. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿ ಇಂಜಿನ್ ತಿರುಗುತ್ತದೆಯೇ ನೋಡಿದೆವು. ತಿರುಗಿತು. ಇಂಜಿನ್ ಆಯಿಲ್ ಬದಲಾಯಿಸಿದೆವು. 12 ವೋಲ್ಟಿನ ಬ್ಯಾಟರಿಯಲ್ಲಿ ಮೀಟರ್ 7 ತೋರಿಸಿತು. ಚಾರ್ಜ್ ನಿಲ್ಲಲಿಲ್ಲ, ಹೊಸದು ಹಾಕಿದೆವು.

ಎರಡು ಲೀಟರ್ ಹೊಸ ಪೆಟ್ರೋಲ್ ಹಾಕಿದ ಮೇಲೆ ಚಾಚಾ ಕೀ ಆನ್ ಮಾಡಿ, "ಕೇಳು" ಎಂದರು. ಟ್ಯಾಂಕಿನೊಳಗಿಂದ ಎರಡು ಸೆಕೆಂಡ್ 'ಝೂಂ' ಎಂಬ ಸದ್ದು. ಪಂಪ್ ಬದುಕಿತ್ತು! ಪೈಪಿನಲ್ಲಿ ಒತ್ತಡ ತುಂಬಲೆಂದು ನಾಲ್ಕು ಸಲ ಕೀ ಆಫ್ ಮಾಡಿ ಆನ್ ಮಾಡಿದರು. ಸೆಲ್ಫ್ ಒತ್ತಿದಾಗ ಮೂರನೇ ಸಲಕ್ಕೆ ಇಂಜಿನ್ ಹಿಡಿಯಿತು. ಸ್ವಲ್ಪ ಬಿಳಿ ಹೊಗೆ ಬಂದು ನಿಂತಿತು. ಇಂಜಿನ್ ಲೈಟ್ ಆರಿತು. ಅಡುಗೆಮನೆಯಿಂದ ಅಮ್ಮಿ ಓಡಿ ಬಂದರು.

ಕಾಮರ್ಸ್ ವಿದ್ಯಾರ್ಥಿ ಲೆಕ್ಕ ಕೊಡದೆ ಬಿಡಬಾರದು. ಬ್ಯಾಟರಿ 1,450, ಆಯಿಲ್ 450, ಪ್ಲಗ್ ಮತ್ತು ಫಿಲ್ಟರ್ 420, ಪೆಟ್ರೋಲ್ 210, ಕೂಲಿ 700, ವಿಮೆ ಮತ್ತು ಹೊಗೆ ತಪಾಸಣೆ 950. ಒಟ್ಟು 4,180 ರೂಪಾಯಿ. ದಿನದ ಪೆಟ್ರೋಲ್ ಕಳೆದರೂ ಅಬ್ಬಾಗೆ 60 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 26 ದಿನ ಕೆಲಸ ಎಂದರೆ ಮೂರು ತಿಂಗಳೊಳಗೆ ಖರ್ಚು ವಾಪಸ್. ನನಗೆ ಇನ್ನೂ 18 ತುಂಬಿಲ್ಲ, ಲೈಸೆನ್ಸ್ ಇಲ್ಲ. ಓಡಿಸುವುದು ಅಬ್ಬಾ, ಒರೆಸುವುದು ನಾನು.

ಆಸ್ತಿ ಬಳಸಿದರೆ ಮಾತ್ರವಲ್ಲ, ಕಾಲ ಕಳೆದರೂ ಸವೆಯುತ್ತದೆ ಎಂದು ಸವಕಳಿಯ ಪಾಠದಲ್ಲಿ ಓದಿದ್ದೆ. ಅದರ ಅರ್ಥ ಮೆಟ್ಟಿಲ ಕೆಳಗೆ ತಿಳಿಯಿತು. ಮಗನ ನೆನಪೆಂದು ಜೋಪಾನವಾಗಿ ಮುಚ್ಚಿಟ್ಟ ಗಾಡಿ, ಮುಚ್ಚಿಟ್ಟಿದ್ದರಿಂದಲೇ ಹಾಳಾಗುತ್ತಿತ್ತು. ನಮ್ಮ ಕಾಲೇಜಿನ ಎಷ್ಟೋ ಮನೆಗಳಲ್ಲಿ ಅಣ್ಣಂದಿರು ಗಲ್ಫಿನಲ್ಲಿದ್ದಾರೆ, ಅವರ ಗಾಡಿಗಳು ಟಾರ್ಪಾಲಿನ ಕೆಳಗಿವೆ. ಹದಿನೈದು ದಿನಕ್ಕೊಮ್ಮೆ ಲೈಸೆನ್ಸ್ ಇರುವ ಹಿರಿಯರಿಂದ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಅದಾಗದಿದ್ದರೆ ಬ್ಯಾಟರಿಯ ನೆಗೆಟಿವ್ ವೈರನ್ನಾದರೂ ಬಿಚ್ಚಿಡಿ. ಅಣ್ಣ ಬಂದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಲಿ.